ಬಿಳಿ ಬಟ್ಟೆಯ ಮೇಲೆ ಸತ್ಯೋಪದೇಶ

ಹಾವೇರಿಯ ಸಿದ್ಧೇಶ್ವರ ಗುಡಿಯ ಆವರಣದಲ್ಲಿರುವ ವೀರಗಲ್ಲುಗಳನ್ನು ಕಂಡವರಿಗೆ, ಚಿತ್ರಗಳನ್ನು ಸಾಲಾಗಿ ಜೋಡಿಸಿ ಕಥೆ ಹೇಳುವ ಕ್ರಮವನ್ನು ಹೊಸದಾಗಿ ವಿವರಿಸಬೇಕಾಗಿಲ್ಲ. ವೀರಗಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ಅದರ ಮೇಲೆ ಮಡಿದ ವೀರನನ್ನು ಅಪ್ಸರೆಯರು ಕೊಂಡೊಯ್ಯುವ ನೋಟ, ತುದಿಯಲ್ಲಿ ಶಿವಸಾನ್ನಿಧ್ಯ. ಅಕ್ಷರ ಬಾರದವನೂ ಕೆಳಗಿನಿಂದ ಮೇಲಕ್ಕೆ ಕಣ್ಣು ಹಾಯಿಸಿದರೆ ಸಾಕು, ಕಥೆ ತಿಳಿಯುತ್ತದೆ. ನಮ್ಮ ದೇವಾಲಯಗಳ ಗೋಡೆಯ ಮೇಲಿರುವ ಶಿಲುಬೆ ಹಾದಿಯ ಚಿತ್ರಗಳು ಮಾಡುವುದೂ ಇದೇ ಕೆಲಸವನ್ನು. ಅವುಗಳ ಸಂಖ್ಯೆಯನ್ನು ಜಗದ್ಗುರು ಹನ್ನೆರಡನೆಯ ಕ್ಲೆಮೆಂಟರು 1731ರಲ್ಲಿ 14 ಎಂದು ಸ್ಥಿರಪಡಿಸಿದರು. ಕಲ್ಲಿನಲ್ಲಿ, ಗೋಡೆಯಲ್ಲಿ ನಿಂತಿದ್ದ ಈ ಕ್ರಮವನ್ನು ಬೆಳಕಿನಲ್ಲಿ ಮೂಡಿಸಿದ್ದೇ ಫಿಲ್ಮ್‌ಸ್ಟ್ರಿಪ್.

ಇಂದಿನ ಮಕ್ಕಳು ಅದನ್ನು ಕಂಡಿರಲಾರರು. 35 ಮಿಲಿಮೀಟರ್ ಅಗಲದ ಫಿಲ್ಮಿನ ಚಿಕ್ಕ ಸುರುಳಿ ಅದು. ಸಾಮಾನ್ಯವಾಗಿ 30ರಿಂದ 60 ಸ್ಥಿರಚಿತ್ರಗಳು ಅದರಲ್ಲಿರುತ್ತಿದ್ದವು. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಡಬ್ಬಿಯೊಳಗೆ ಇಡೀ ಒಂದು ಪಾಠ ಅಡಗಿರುತ್ತಿತ್ತು. ಯಂತ್ರದ ಗುಬಟನ್ನು ತಿರುವಿದರೆ ಒಂದು ಚಿತ್ರ ಸರಿದು ಮತ್ತೊಂದು ಬಿಳಿ ಬಟ್ಟೆಯ ಮೇಲೆ ಬಂದು ನಿಲ್ಲುತ್ತಿತ್ತು. ಮುಂದೆ ಧ್ವನಿಮುದ್ರಿಕೆಗಳೂ ಕ್ಯಾಸೆಟ್ಟುಗಳೂ ಜೊತೆಗೂಡಿದವು. ‘ಬೀಪ್’ ಎಂಬ ಸದ್ದು ಕೇಳಿದಾಗ ಗುಬಟು ತಿರುಗಿಸಬೇಕು. ಆದರೆ ಕ್ಯಾಸೆಟ್ ಇಂಗ್ಲಿಷಿನಲ್ಲಿದ್ದರೆ ಹಳ್ಳಿಯ ಉಪದೇಶಿಗೆ ಅದರಿಂದ ಪ್ರಯೋಜನವಿಲ್ಲ. ಚಿತ್ರವನ್ನು ನಿಲ್ಲಿಸಿ ಕಥೆಯನ್ನು ತನ್ನ ಮಾತಿನಲ್ಲಿ ತಾನೇ ಹೇಳಬೇಕು. ಈ ಅನಿವಾರ್ಯತೆಯೇ ಫಿಲ್ಮ್‌ಸ್ಟ್ರಿಪ್ಪಿನ ದೊಡ್ಡ ಗುಣವಾಗಿತ್ತು ಎಂಬುದು ಈ ಲೇಖಕನ ಅಭಿಪ್ರಾಯ.

ಧರ್ಮಸಭೆ ಇಂತಹ ಸಾಧನಗಳನ್ನು ಮೊದಲಿನಿಂದಲೇ ಕೈಚಾಚಿ ಸ್ವಾಗತಿಸಲಿಲ್ಲ. 1912ರ ಡಿಸೆಂಬರ್ 10ರಂದು ರೋಮಿನಿಂದ ಹೊರಟ ಆಜ್ಞೆಯೊಂದು ದೇವಾಲಯದೊಳಗೆ ಚಲನಚಿತ್ರ ಹಾಗೂ ಬೆಳಕಿನ ಚಿತ್ರಗಳ ಪ್ರದರ್ಶನವನ್ನೇ ನಿಷೇಧಿಸಿತು. ಪ್ರಾರ್ಥನಾಲಯವು ಆಟದ ಮನೆಯಾಗಬಾರದೆಂಬ ಕಾಳಜಿ ಅದು, ಹಗುರವಾಗಿ ತಳ್ಳಿಹಾಕುವಂತಹದಲ್ಲ. ಅರ್ಧ ಶತಮಾನದ ನಂತರ, 1963ರ ಡಿಸೆಂಬರ್ 4ರಂದು, ದ್ವಿತೀಯ ವ್ಯಾಟಿಕನ್ ಮಹಾಸಭೆ ಸಮೂಹ ಮಾಧ್ಯಮಗಳನ್ನು ಕುರಿತ ತನ್ನ ಆದೇಶವನ್ನು ಹೊರಡಿಸಿ, ಇವುಗಳನ್ನು ಶುಭಸಂದೇಶದ ಸೇವೆಗೆ ಬಳಸುವುದು ಕರ್ತವ್ಯವೆಂದು ಸಾರಿತು. 1967ರಲ್ಲಿ ಮೊದಲ ವಿಶ್ವ ಸಂಪರ್ಕ ಮಾಧ್ಯಮ ದಿನವನ್ನು ಆಚರಿಸಲಾಯಿತು. ಅದೇ ವರ್ಷ ಬೆಂಗಳೂರಿನಲ್ಲಿ ಫಾದರ್ ಡಿ. ಎಸ್. ಅಮಲೋರ್ಪವದಾಸ್ ಅವರ ನೇತೃತ್ವದಲ್ಲಿ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಹಾಗೂ ಆರಾಧನಾ ಕೇಂದ್ರ ಆರಂಭವಾಯಿತು. ಪ್ರಶ್ನೋತ್ತರವನ್ನು ಬಾಯಿಪಾಠ ಮಾಡಿಸುವುದಷ್ಟೇ ಸತ್ಯೋಪದೇಶವಲ್ಲ ಎಂಬ ಅರಿವು ನಾಡಿನಲ್ಲಿ ಹರಡಿದ ಕಾಲವದು.

ಇನ್ನು ಬಿತ್ತುವವನ ಸಾಮತಿಯನ್ನು ನೋಡೋಣ. ವಿದೇಶಿ ಚಿತ್ರಗಳಲ್ಲಿ ರೈತನೊಬ್ಬ ಹೆಗಲಿಗೆ ಜೋಳಿಗೆ ಹಾಕಿಕೊಂಡು ಕೈತುಂಬ ಬೀಜವನ್ನು ಎರಚುತ್ತ ನಡೆಯುತ್ತಾನೆ. ಕೆಲವು ಕಾಳುಗಳು ದಾರಿಯ ಮೇಲೆ, ಕೆಲವು ಬಂಡೆಯ ಮೇಲೆ, ಕೆಲವು ಮುಳ್ಳಿನೊಳಗೆ ಬೀಳುತ್ತವೆ. ರಾಣೇಬೆನ್ನೂರು ಬೀಜೋತ್ಪಾದನೆಗೆ ಹೆಸರಾದ ಸೀಮೆ. ಒಂದು ಹಿಡಿ ಬೀಜದ ಬೆಲೆ ಏನೆಂಬುದನ್ನು ಅಲ್ಲಿನ ಮಗು ಮನೆಯಲ್ಲೇ ಕೇಳಿ ಬಲ್ಲದು. ಜೋಳವನ್ನೋ ಶೇಂಗಾವನ್ನೋ ಕೂರಿಗೆಯ ಬಟ್ಟಲಿಗೆ ಹಾಕಿ, ತಾಳುಗಳ ಮೂಲಕ ನೇರವಾಗಿ ಸಾಲಿಗೇ ಇಳಿಸುವ ಜನ ನಾವು. ದಾರಿಯ ಮೇಲೆ ಬೀಜ ಚೆಲ್ಲುವವನು ನಮ್ಮ ಮಕ್ಕಳ ಕಣ್ಣಿಗೆ ಬರಿಯ ದಡ್ಡನಾಗಿ ತೋರಿದರೆ ಆಶ್ಚರ್ಯವಿಲ್ಲ. ಯೇಸುಸ್ವಾಮಿಯ ನಾಡಿನಲ್ಲಿ ಮೊದಲು ಬಿತ್ತಿ ಆಮೇಲೆ ಉಳುವ ರೂಢಿಯಿತ್ತೆಂದು ಕೆಲವು ವಿದ್ವಾಂಸರು ಹೇಳುತ್ತಾರೆ. ಹಾಗಿದ್ದರೆ ಕಾಲುದಾರಿಯೂ ಮುಂದೆ ಹೊಲವಾಗುವ ನೆಲವೇ. ಈ ಮಾತನ್ನು ಚಿತ್ರವು ತಾನಾಗಿ ಹೇಳದು. ಅಲ್ಲಿ ಗುಬಟಿನಿಂದ ಕೈ ತೆಗೆದು ನಿಲ್ಲಬೇಕು, ಕೂರಿಗೆಯ ಮಾತೆತ್ತಬೇಕು, ಮಕ್ಕಳಿಂದ ಪ್ರಶ್ನೆ ಬರಲೆಂದು ಕಾಯಬೇಕು. ಓಡುವ ವಿಡಿಯೊ ಕಾಯುವುದಿಲ್ಲ. ಬಿತ್ತಿದ್ದೂ ಬೆಳೆದದ್ದೂ ಎರಡು ನಿಮಿಷದಲ್ಲಿ ಮುಗಿದು ಮುಂದಿನ ಕಥೆ ತಾನಾಗಿ ಶುರುವಾಗುತ್ತದೆ.

ಚಿತ್ರದಲ್ಲಿನ ಮುಖಗಳ ಪ್ರಶ್ನೆಯೂ ಇದೆ. ಹೊಂಗೂದಲು, ನೀಲಿ ಕಣ್ಣುಗಳ ಯೇಸುವನ್ನೇ ನೋಡುತ್ತ ಬೆಳೆದ ಮಗುವಿಗೆ ವಿಶ್ವಾಸವೆಂಬುದು ಹೊರಗಿನಿಂದ ಬಂದ ವಸ್ತುವೆಂದು ತೋರುವುದು ಸಹಜ. ನೆರೆಯ ಗೋವೆಯ ಆಂಜೆಲೊ ದ ಫೊನ್ಸೇಕ (1902–1967) ಸೀರೆಯುಟ್ಟ ಮಾತೆ ಮರಿಯಮ್ಮನವರನ್ನು ಚಿತ್ರಿಸಿ ಟೀಕೆಗೆ ಗುರಿಯಾದರು. ಬೆಂಗಳೂರಿನ ಬಳಿಯ ಸಿಲ್ವೇಪುರದ ಜ್ಯೋತಿ ಸಾಹಿಯವರು ಅದೇ ಜಾಡಿನಲ್ಲಿ ದಶಕಗಳ ಕಾಲ ದುಡಿದವರು. ಇವರ ಕೃತಿಗಳನ್ನು ನಮ್ಮ ಮಕ್ಕಳು ಎಷ್ಟು ನೋಡಿದ್ದಾರೆ?

ಬ್ಯಾಡಗಿಯ ಮೆಣಸಿನಕಾಯಿ ಖಾರಕ್ಕಿಂತ ಬಣ್ಣಕ್ಕೇ ಹೆಸರಾದದ್ದು. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಆ ಬಣ್ಣ ಮಾಸದಿರಲೆಂದೇ ವರ್ತಕರು ಕಾಯಿಗಳನ್ನು ಶೀತಲಗೃಹಗಳಲ್ಲಿ ಇಡುತ್ತಾರೆ. ಹಳೆಯ ಬಣ್ಣದ ಫಿಲ್ಮಿನ ಪಾಡೂ ಬಹುಮಟ್ಟಿಗೆ ಇದೇ. ಶಾಖಕ್ಕೆ ಅದರ ನೀಲಿ, ಹಳದಿ ಛಾಯೆಗಳು ಕರಗಿ, ಅನೇಕ ಸುರುಳಿಗಳಲ್ಲಿ ಕೊನೆಗೆ ಕೆಂಪೊಂದೇ ಉಳಿಯುತ್ತದೆ. (ಮೆಣಸಿನಕಾಯಿಗೆ ಬೇಕಾದ ಕೆಂಪು ಗಲಿಲಾಯ ಸರೋವರಕ್ಕೆ ಬೇಡವಷ್ಟೆ!) ಡಬ್ಬಿ ತೆರೆದಾಗ ವಿನಿಗರಿನ ಹುಳಿವಾಸನೆ ಬಂದರೆ ಫಿಲ್ಮಿನ ಅಸಿಟೇಟ್ ಪದರವೇ ಕೊಳೆಯತೊಡಗಿದೆ ಎಂದರ್ಥ. ಅಂತಹ ಸುರುಳಿಯನ್ನು ಉಳಿದವುಗಳಿಂದ ಬೇರ್ಪಡಿಸಿ ಬೇಗನೆ ಡಿಜಿಟಲ್ ಪ್ರತಿ ಮಾಡಿಸಬೇಕು.

ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಒಂದೇ ರೈಲುದಾರಿಯ ಮೇಲಿರುವ ಊರುಗಳು. ಇಲ್ಲಿ ಕ್ರೈಸ್ತ ಕುಟುಂಬಗಳು ಕಡಿಮೆ, ಇರುವವೂ ಚದುರಿದಂತಿವೆ. ಭಾನುವಾರ ಪೂಜೆಯ ನಂತರ ದೊರೆಯುವ ಅಲ್ಪ ಅವಧಿಯೇ ಸತ್ಯೋಪದೇಶದ ತರಗತಿ. ಆ ಹೊತ್ತಿನಲ್ಲಿ ಮೊಬೈಲ್ ಫೋನನ್ನು ಮೇಜಿನ ಮೇಲಿಟ್ಟು ಉಪದೇಶಿ ಸುಮ್ಮನೆ ಕುಳಿತರೆ, ಮನೆಯಲ್ಲೂ ನೋಡಬಹುದಾದದ್ದನ್ನು ನೋಡಲು ಮಗು ದೇವಾಲಯಕ್ಕೆ ಏಕೆ ಬರಬೇಕು? ಫೋನನ್ನು ದೂರುವುದು ಇಲ್ಲಿನ ಉದ್ದೇಶವಲ್ಲ. ಅದರಲ್ಲಿಯೂ ಚಿತ್ರವನ್ನು ನಿಲ್ಲಿಸಬಹುದು. ಹನ್ನೆರಡು ಸ್ಥಿರಚಿತ್ರಗಳನ್ನು ಆರಿಸಿ, ಗೋಡೆಗೆ ಬಿಳಿ ಪಂಚೆ ಕಟ್ಟಿ, ಬಾಡಿಗೆಯ ಪ್ರೊಜೆಕ್ಟರಿನಿಂದ ಒಂದೊಂದಾಗಿ ತೋರಿಸಿದರೆ ಫಿಲ್ಮ್‌ಸ್ಟ್ರಿಪ್ಪಿನ ಗುಣ ಮರಳಿ ಬರುತ್ತದೆ. ಬಿತ್ತನೆಯ ದಿನ ಮಕ್ಕಳೇ ಹೊಲಕ್ಕೆ ಹೋಗಿ ಕೂರಿಗೆಯ ಚಿತ್ರ ತೆಗೆದು ತಂದರೆ ಪಾಠ ಅರ್ಧ ಮುಗಿದಂತೆ.

ಧರ್ಮಕೇಂದ್ರಗಳ ಹಳೆಯ ಕಪಾಟುಗಳಲ್ಲಿ ಇಂತಹ ಡಬ್ಬಿಗಳು ಸಿಕ್ಕಿದರೆ ಗುಜರಿಗೆ ಹಾಕುವ ಮುನ್ನ ತೆರೆದು ನೋಡಬೇಕು. ಜೊತೆಗಿರುವ ನಿರೂಪಣೆಯ ಪುಸ್ತಿಕೆಯನ್ನೂ ಎಸೆಯಬಾರದು. ಅದರ ಅಂಚಿನಲ್ಲಿ ಹಿಂದಿನ ಉಪದೇಶಿಗಳು ಪೆನ್ಸಿಲಿನಿಂದ ಬರೆದುಕೊಂಡ ಕನ್ನಡ ಮಾತುಗಳೇನಾದರೂ ಇದ್ದರೆ, ಚಿತ್ರಗಳಿಗಿಂತ ಮೊದಲು ಅವನ್ನು ನಕಲು ಮಾಡಿಕೊಳ್ಳಬೇಕು.