ಬಾಳೆಯ ನಾರೂ ಕರಗುವ ಚೀಲವೂ

ಒದ್ದೆಯಾದ ಬಾಳೆನಾರಿನಿಂದ ಮಲ್ಲಿಗೆ ಕಟ್ಟುವುದು ನಮ್ಮ ಕಡೆಯ ಪುರಾತನ ರೂಢಿ. ನಂಜನಗೂಡಿನ ಶ್ರೀಕಂಠೇಶ್ವರನ ಸನ್ನಿಧಿಗೆ ಹೋಗುವವರು ಅಂಥ ಮಾಲೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಹೋಗಿ ಕಪಿಲೆಯ ದಡದಲ್ಲಿ ಚೀಲವನ್ನೂ ಬಿಟ್ಟು ಬಂದರೆ, ಹೂವೂ ನಾರೂ ಕೆಲವೇ ವಾರಗಳಲ್ಲಿ ಮಣ್ಣಾಗುತ್ತವೆ. ಚೀಲ ಮಾತ್ರ ಅಳಿಯದೆ ಪ್ರವಾಹದೊಡನೆ ತೇಲುತ್ತ ತಿರುಮಕೂಡಲು ನರಸೀಪುರಕ್ಕೆ ಸಾಗಿ, ಕಪಿಲೆ ಕಾವೇರಿಯನ್ನು ಕೂಡುವ ಸಂಗಮದ ಮರಳಿನಲ್ಲಿ ತಂಗಬಹುದು. 2016ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರವು ಇಂಥ ಚೀಲಗಳನ್ನೂ 2022ರ ಜುಲೈ 1ರಿಂದ ಕೇಂದ್ರ ಸರ್ಕಾರವು ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳನ್ನೂ ನಿಷೇಧಿಸಿದವು. ಆದರೆ ನಿಷೇಧವು ಕೈಯಲ್ಲಿರುವುದನ್ನು ಕಸಿದುಕೊಳ್ಳಬಲ್ಲುದೇ ಹೊರತು ಬರಿಗೈಗೆ ಬೇರೊಂದನ್ನು ಕೊಡಲಾರದು.

ಆ ಬೇರೊಂದರ ಅನ್ವೇಷಣೆಯು ವಿಜ್ಞಾನಿಗಳನ್ನು ನಮ್ಮ ಅಡಿಗೆಮನೆಯ ಪರಿಸರಕ್ಕೇ ಕರೆತಂದಿರುವುದು ಸ್ವಾರಸ್ಯಕರ. ಗಂಜಿ ಒಣಗಿದಾಗ ಪಾತ್ರೆಯ ಅಂಚಿನಲ್ಲಿ ಏಳುವ ತೆಳುವಾದ ಪೊರೆಯನ್ನು ನೋಡದವರಿಲ್ಲ. ಪಿಷ್ಟವನ್ನು ನೀರಿನಲ್ಲಿ ಬೇಯಿಸಿ, ಮಿದುತನಕ್ಕಾಗಿ ಸ್ವಲ್ಪ ಗ್ಲಿಸರಿನ್ ಬೆರೆಸಿ, ಸಮತಲದ ಮೇಲೆ ಹರಡಿ ಒಣಗಿಸಿದರೆ ಅಂಥದೇ ಹಾಳೆಯೊಂದು ಸಿದ್ಧವಾಗುತ್ತದೆ. ಮಣ್ಣಿನ ಸೂಕ್ಷ್ಮಜೀವಿಗಳಿಗೆ ಅದು ಅನ್ನವೇ ಸರಿ. ಆದರೆ ಅದು ಎಳೆದರೆ ಹರಿಯುತ್ತದೆ, ತೇವ ತಗುಲಿದರೆ ಮೆತ್ತಗಾಗುತ್ತದೆ. ಇದಕ್ಕೆ ಪರಿಹಾರವೂ ಹಳೆಯದೇ: ಮಣ್ಣಿನ ಗೋಡೆ ಬಿರಿಯದಿರಲೆಂದು ಹಿರಿಯರು ಕೆಸರಿಗೆ ಹುಲ್ಲು ಬೆರೆಸಿ ತುಳಿಯುತ್ತಿದ್ದಂತೆ, ಈ ಪೊರೆಯೊಳಗೆ ಸಸ್ಯದ ನಾರನ್ನು ಪುಡಿಮಾಡಿ ಸೇರಿಸುವುದು.

ನಾರಿಗೆ ಈ ಸೀಮೆಯಲ್ಲಿ ಕೊರತೆಯಿಲ್ಲ. ನಂಜನಗೂಡಿನ ರಸಬಾಳೆ ಪನಾಮಾ ಸೊರಗು ರೋಗಕ್ಕೆ ಸಿಕ್ಕಿ ಕ್ಷೀಣಿಸಿದ್ದು, ಭೌಗೋಳಿಕ ಸೂಚಕದ ಮಾನ್ಯತೆ ದೊರೆತ ಮೇಲೂ ಮೊದಲಿನ ವೈಭವಕ್ಕೆ ಮರಳಿಲ್ಲವೆಂಬುದು ವ್ಯಥೆಯ ಸಂಗತಿ. ಆದರೂ ಏಲಕ್ಕಿ, ಪಚ್ಚಬಾಳೆಯ ತೋಟಗಳುಂಟು, ಕಾಲುವೆಯ ಬಯಲಿನಲ್ಲಿ ಬತ್ತ, ಕಬ್ಬುಗಳುಂಟು. ಬಾಳೆಯಾದರೋ ಒಂದೇ ಗೊನೆ ಕೊಟ್ಟು ಕಂದುಗಳಿಗೆ ಎಡೆಮಾಡಿ ಕಡಿಸಿಕೊಳ್ಳುವ ಗಿಡ; ನಾರು ಇರುವುದು ಆ ಕಡಿದ ಕಾಂಡದಲ್ಲಿಯೇ.

ಆದರೆ ಹಸಿ ನಾರನ್ನು ಹಾಗೆಯೇ ಬೆರೆಸಿದರೆ ಪ್ರಯೋಜನವಿಲ್ಲ. ನಾರಿನ ಬಲವೆಲ್ಲ ಇರುವುದು ಸೆಲ್ಯುಲೋಸ್ ಎಂಬ ದ್ರವ್ಯದಲ್ಲಿ; ಅದರ ಸುತ್ತ ಲಿಗ್ನಿನ್, ಹೆಮಿಸೆಲ್ಯುಲೋಸ್, ಮೇಣ ಮೊದಲಾದವು ಹೊದಿಕೆಯಂತೆ ಅಂಟಿಕೊಂಡು, ಪಿಷ್ಟಕ್ಕೆ ನಾರನ್ನು ಹಿಡಿಯಗೊಡುವುದಿಲ್ಲ. ನರಸೀಪುರದ ಸರ್ಕಾರಿ ಕಾರ್ಖಾನೆಯಲ್ಲಿ ಗೂಡಿನಿಂದ ಬಿಚ್ಚಿದ ರೇಷ್ಮೆ ನೂಲನ್ನು ಕಂಡವರಿಗೆ ಈ ಮಾತು ಸುಲಭವಾಗಿ ತಿಳಿದೀತು: ಆ ನೂಲು ಒರಟಾಗಿರುವುದು ಅದರ ಮೇಲಿನ ಗೋಂದಿನಿಂದ, ಸಾಬೂನು ಸೋಡಾಗಳ ಬಿಸಿನೀರಿನಲ್ಲಿ ಕುದಿಸಿ, ತೂಕದಲ್ಲಿ ಸುಮಾರು ಕಾಲುಭಾಗವನ್ನು ಕಳೆದುಕೊಂಡ ಮೇಲೆಯೇ ಮೈಸೂರು ರೇಷ್ಮೆಯ ಹೊಳಪು ಹೊರಬೀಳುತ್ತದೆ. ಬಾಳೆನಾರನ್ನೂ ಹಾಗೆಯೇ ಕಾಸ್ಟಿಕ್ ಸೋಡಾದ ದುರ್ಬಲ ದ್ರಾವಣದಲ್ಲಿ ನೆನೆಯಿಸಿ ತೊಳೆಯುತ್ತಾರೆ. ಹೊದಿಕೆ ಬಹುಮಟ್ಟಿಗೆ ಕರಗಿ ಹೋಗಿ ಮೇಲ್ಮೈ ತರಿತರಿಯಾಗುತ್ತದೆ, ಪಿಷ್ಟಕ್ಕೆ ಹಿಡಿತ ಸಿಕ್ಕುತ್ತದೆ. ಇಂಗ್ಲೆಂಡಿನ ಜಾನ್ ಮರ್ಸರ್ 1844ರಲ್ಲಿ ಹತ್ತಿಯ ಬಟ್ಟೆಯ ಮೇಲೆ ಕಂಡ ಕ್ಷಾರದ ಪ್ರಭಾವವೇ ಈ ಕ್ರಮಕ್ಕೂ ಮೂಲ. ಚೌಳುಮಣ್ಣಿನಲ್ಲಿ ಬಟ್ಟೆ ಒಗೆದ ನಮ್ಮ ಅಗಸರಿಗೆ ಕ್ಷಾರದ ಗುಣ ಅದಕ್ಕೂ ಮೊದಲೇ ಗೊತ್ತಿತ್ತೆಂದು ನೆನೆಯುವುದರಲ್ಲಿ ತಪ್ಪೇನೂ ಇಲ್ಲ.

ಪ್ರಮಾಣವೂ ಮುಖ್ಯ. ಹದವರಿತು ಬೆರೆಸಿದರೆ ಹಾಳೆಯ ಬಲ ಹೆಚ್ಚುತ್ತದೆ, ಹಿಗ್ಗುವ ಗುಣ ಕುಗ್ಗುತ್ತದೆ. ಅತಿಯಾದರೆ ಮುದ್ದೆ ತೊಳಸುವಾಗ ಹಿಟ್ಟು ಗಂಟುಕಟ್ಟುವಂತೆ ಪುಡಿಯು ಗಂಟಾಗಿ, ಆ ಗಂಟಿನ ಬಳಿಯೇ ಹಾಳೆ ಹರಿಯುತ್ತದೆ.

ಇಲ್ಲಿ ಎರಡು ಸಂಶಯಗಳನ್ನು ಮರೆಮಾಚುವುದು ಸರಿಯಲ್ಲ. ‘ಜೈವಿಕವಾಗಿ ಕರಗುವುದು’ ಎಂಬ ಮುದ್ರೆ ಹೊತ್ತದ್ದೆಲ್ಲ ದಡದಲ್ಲಿ ಬಿದ್ದ ಮಾತ್ರಕ್ಕೆ ಕರಗಿಬಿಡದು: ಪಿಷ್ಟದ ಸಕ್ಕರೆಯನ್ನು ಹುದುಗಿಸಿ ಪಡೆದ ಪಾಲಿಲ್ಯಾಕ್ಟಿಕ್ ಆಮ್ಲದ ಚೀಲವು ಬೇಗನೆ ಕರಗಲು 58 ಡಿಗ್ರಿಯಷ್ಟು ಬಿಸಿಯಿರುವ ಗೊಬ್ಬರದ ಘಟಕ ಬೇಕು, ಕಪಿಲೆಯ ತಣ್ಣನೆಯ ನೀರು ಅದಕ್ಕೆ ಸಾಲದು. ಇನ್ನು, ನಾರು ತೊಳೆದ ಕ್ಷಾರೋದಕವನ್ನು ಆಮ್ಲದಿಂದ ಶಮನಗೊಳಿಸದೆ ಹೊರಗೆ ಬಿಟ್ಟರೆ, ಚೀಲದಿಂದ ಉಳಿಸಿದ ಹೊಳೆಯನ್ನು ಬಚ್ಚಲಿನಿಂದ ಕೆಡಿಸಿದಂತಾಯಿತು.

ಕೇಂದ್ರ ಆಹಾರ ತಾಂತ್ರಿಕ ಸಂಶೋಧನಾಲಯವು 1950ರಿಂದಲೂ ಪಕ್ಕದ ಮೈಸೂರಿನ ಚೆಲುವಾಂಬ ವಿಲಾಸದಲ್ಲಿರುವುದರಿಂದ ಈ ಸೀಮೆಯವರಿಗೆ ವಿದ್ಯೆ ದೂರದ್ದಲ್ಲ. ದೂರವಿರುವುದು ತೋಟದಿಂದ ಯಂತ್ರದವರೆಗಿನ ಹಾದಿ. ಕಡಿದುರುಳಿಸಿದ ಬಾಳೆಯ ಕಾಂಡದ ತೂಕದಲ್ಲಿ ನೂರಕ್ಕೆ ಸುಮಾರು 90 ಪಾಲು ನೀರೇ ಇರುವುದರಿಂದ, ಅದನ್ನು ಲಾರಿಗೆ ಹೇರಿ ಸಾಗಿಸುವುದೆಂದರೆ ನೀರಿಗೆ ಬಾಡಿಗೆ ತೆತ್ತಂತೆ. ಆದುದರಿಂದ ನಾರು ತೆಗೆಯುವ ಯಂತ್ರವೇ ತೋಟದ ಬದುವಿಗೆ ಬರಬೇಕು.