ಎಂಟು ನಿಮಿಷ ಸುಮ್ಮನೆ ಕೂರುವುದು



ಸಂಘದ ಪತ್ರಿಕೆಗೆ ಒಂದು ಪ್ರವಾಸ ಕಥನ ಬರೆದುಕೊಡಿ ಅಂತ ಸಂಪಾದಕರು ಯುಗಾದಿ ಕಾರ್ಯಕ್ರಮದಲ್ಲೇ ಹೇಳಿದ್ದರು. ಪ್ಯಾರಿಸ್, ಸ್ವಿಟ್ಜರ್ಲೆಂಡ್ ಬಗ್ಗೆ ಈಗಾಗಲೇ ಎಲ್ಲರೂ ಬರೆದಾಗಿದೆ. ಹಾಗಾಗಿ ನಾನು, ನೋಡಲು ಏನೂ ಇಲ್ಲದ ಒಂದು ಊರಿನ ಬಗ್ಗೆ ಬರೆಯುತ್ತಿದ್ದೇನೆ!

ಊರಿನ ಹೆಸರು ತೇಝೆ. ಫ್ರಾನ್ಸಿನ ಬರ್ಗಂಡಿ ಪ್ರಾಂತ್ಯದ ಗುಡ್ಡದ ಮೇಲಿನ ಪುಟ್ಟ ಹಳ್ಳಿ. ಸ್ಟುಟ್‌ಗಾರ್ಟ್‌ನಿಂದ ಕಾರಿನಲ್ಲಿ ಆರೇಳು ಗಂಟೆ. ಮೇ ತಿಂಗಳಲ್ಲಿ ಅಸೆನ್ಶನ್ ರಜೆ ಗುರುವಾರ ಬರುತ್ತದಲ್ಲ, ಶುಕ್ರವಾರ ಒಂದು ದಿನ ರಜೆ ಹಾಕಿದರೆ ನಾಲ್ಕು ದಿನ ಸಿಗುತ್ತದೆ. ಪ್ರತಿ ವರ್ಷ ಅಲ್ಲಿಗೆ ಹೋಗುವ ನನ್ನ ಜರ್ಮನ್ ಸಹೋದ್ಯೋಗಿ, "ಬರ್ತೀಯಾ? ಹಾಡೋದು, ಪಾತ್ರೆ ತೊಳೆಯೋದು, ಸುಮ್ನೆ ಕೂರೋದು, ಅಷ್ಟೇ" ಅಂದ. ಹೆಂಡತಿ ಮಗಳು ಊರಿಗೆ ಹೋಗಿದ್ದರು. ಮನೆಯಲ್ಲಿ ಒಬ್ಬನೇ ಮ್ಯಾಗಿ ತಿನ್ನುವುದಕ್ಕಿಂತ ವಾಸಿ ಅಂತ ಹೊರಟೆ.

ನಾನು ಕ್ರಿಶ್ಚಿಯನ್ ಅಲ್ಲ. ಶನಿವಾರ ಆಂಜನೇಯನ ಗುಡಿಯ ಭಜನೆಯಲ್ಲಿ ತಾಳ ಹಾಕುತ್ತಾ ಬೆಳೆದವನು. ಆದರೆ ಅಲ್ಲಿನ ಚರ್ಚಿನೊಳಗೆ ಹೋದ ಹತ್ತು ನಿಮಿಷಕ್ಕೇ ನನಗೆ ಆ ಗುಡಿ ನೆನಪಾಯಿತು. ಬೆಂಚುಗಳಿಲ್ಲ, ಎಲ್ಲರೂ ನೆಲದ ಮೇಲೆ ಕೂರುತ್ತಾರೆ. ಮುಂದುಗಡೆ ಕಿತ್ತಳೆ ಬಣ್ಣದ ಉದ್ದುದ್ದ ಬಟ್ಟೆಗಳು, ಅದರ ಕೆಳಗೆ ಸಾಲು ಸಾಲು ಮೇಣದ ದೀಪ. ನಡುವೆ ಬಿಳಿ ನಿಲುವಂಗಿ ತೊಟ್ಟ ಬ್ರದರ್‌ಗಳು, ಸುತ್ತ ಸಾವಿರಾರು ಹುಡುಗ ಹುಡುಗಿಯರು. ಪ್ರವಚನ ಇಲ್ಲ. ಹಾಡಿನ ನಂಬರ್ ಗೋಡೆಯ ಡಿಜಿಟಲ್ ಬೋರ್ಡಿನಲ್ಲಿ ಮೂಡುತ್ತದೆ, ಪುಸ್ತಕ ತೆಗೆದು ಹಾಡುವುದು. ಒಂದೋ ಎರಡೋ ಸಾಲಿನ ಹಾಡು. ಅದನ್ನೇ ಮತ್ತೆ ಮತ್ತೆ, ಹತ್ತು ಸಲ, ಹದಿನೈದು ಸಲ. ಮೂರನೇ ಸಲಕ್ಕೆ ಪುಸ್ತಕ ಬೇಕಾಗುವುದಿಲ್ಲ, ಎಂಟನೇ ಸಲಕ್ಕೆ ನಾವು ಹಾಡುತ್ತಿದ್ದೇವೆ ಅನ್ನುವುದೇ ಮರೆತುಹೋಗುತ್ತದೆ. ನಮ್ಮ ಭಜನೆಯ ಗುಟ್ಟೂ ಇದೇ ತಾನೆ?

ಈ ಹಾಡುಗಳಿಗೆ ಹಿನ್ನೆಲೆ ಇದೆ. 1970ರ ದಶಕದಲ್ಲಿ ಹತ್ತಾರು ಭಾಷೆಯ ಯುವಕರು ಬರತೊಡಗಿದಾಗ ಫ್ರೆಂಚ್ ಹಾಡು ಯಾರಿಗೆ ಬರಬೇಕು? ಆಗ ಝಾಕ್ ಬೆರ್ತಿಯೇ ಎಂಬ ಫ್ರೆಂಚ್ ಸಂಗೀತಗಾರರು (1994ರಲ್ಲಿ ತೀರಿಕೊಂಡರು) ಚಿಕ್ಕ ಚಿಕ್ಕ ಸಾಲುಗಳಿಗೆ ರಾಗ ಹಾಕಿಕೊಟ್ಟರು. ಬಹಳಷ್ಟು ಲ್ಯಾಟಿನ್‌ನಲ್ಲಿ. ಯಾಕೆಂದರೆ ಲ್ಯಾಟಿನ್ ಯಾರ ಮಾತೃಭಾಷೆಯೂ ಅಲ್ಲ! ಭಾಷಾ ಜಗಳಕ್ಕೆ ಇಷ್ಟು ಸರಳ ಪರಿಹಾರ ನಾನಂತೂ ಕೇಳಿರಲಿಲ್ಲ.

ಹಾಡುಗಳ ನಡುವೆ ಇದ್ದಕ್ಕಿದ್ದಂತೆ ಎಲ್ಲವೂ ನಿಲ್ಲುತ್ತದೆ. ಸುಮಾರು ಎಂಟು ನಿಮಿಷ ಮೌನ. ದಿನಕ್ಕೆ ಮೂರು ಸಲ. ಮೊದಲ ಮೌನದಲ್ಲಿ ನಾನು ಆಫೀಸಿನ ಒಂದು ಬಗ್ ಬಗ್ಗೆ ಯೋಚಿಸಿದೆ. ಎರಡನೆಯದರಲ್ಲಿ ಕಾಲು ಜೋಮು ಹಿಡಿಯಿತು. ಮೂರನೆಯದರಲ್ಲಿ ಅಣ್ಣ ನೆನಪಾದ.

ಇದನ್ನು ಬರೆಯಬೇಕೋ ಬೇಡವೋ ಅಂತ ಎರಡು ವಾರ ಯೋಚಿಸಿದ್ದೇನೆ. ತಿಪಟೂರಿನ ಹತ್ತಿರ ನಮ್ಮದು ಸ್ವಲ್ಪ ತೆಂಗಿನ ತೋಟ. ಅಪ್ಪ ಹೋದ ಮೇಲೆ ಅಣ್ಣ ಅದರಲ್ಲಿ ಒಂದು ಭಾಗವನ್ನು ನನಗೆ ಹೇಳದೆ ಮಾರಿದ. ನಾನು ಇಲ್ಲಿಂದ ಫೋನ್ ಮಾಡಿ "ಲೆಕ್ಕ ಕೊಡು" ಅಂದೆ. ನಾಲ್ಕು ವರ್ಷ ಅಪ್ಪನನ್ನು ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಕರೆದುಕೊಂಡು ಹೋದವನಿಗೆ ಅಂದೆ. ಅವತ್ತಿನಿಂದ ಮೂರು ವರ್ಷ ಮಾತಿಲ್ಲ. ಹಬ್ಬಕ್ಕೆ ವಾಟ್ಸಾಪ್‌ನಲ್ಲಿ ಒಂದು ಚಿತ್ರ ಬರುತ್ತದೆ, ನಾನೂ ಒಂದು ಕಳಿಸುತ್ತೇನೆ.

ಮರುದಿನ ಪಾತ್ರೆ ತೊಳೆಯುವ ಸರದಿ ನನ್ನದು (ಅಲ್ಲಿ ಬಂದವರೆಲ್ಲರೂ ಕೆಲಸ ಮಾಡಬೇಕು). ಪಕ್ಕದಲ್ಲಿ ಸಹೋದ್ಯೋಗಿ. ಈ ಚರ್ಚಿಗೆ ರಾಜಿ-ಸಮಾಧಾನದ ಚರ್ಚು ಎಂಬರ್ಥದ ಹೆಸರು ಯಾಕೆ ಅಂತ ಅವನನ್ನೇ ಕೇಳಿದೆ. ಅವನು ಹೇಳಿದ್ದು, ಆಮೇಲೆ ನಾನು ಓದಿದ್ದು ಸೇರಿಸಿ ಹೇಳುತ್ತೇನೆ.

1940ರಲ್ಲಿ ರೋಜೆ ಎಂಬ 25 ವರ್ಷದ ಸ್ವಿಸ್ ಯುವಕ ಈ ಹಳ್ಳಿಯಲ್ಲಿ ಒಂದು ಮನೆ ಕೊಂಡ. ಜರ್ಮನರು ಫ್ರಾನ್ಸನ್ನು ಎರಡು ಭಾಗ ಮಾಡಿದ್ದ ಗಡಿರೇಖೆ ಅಲ್ಲಿಗೆ ಹತ್ತಿರ. ತಪ್ಪಿಸಿಕೊಂಡು ಬಂದವರನ್ನು, ಅವರಲ್ಲಿ ಯಹೂದಿಗಳೂ ಇದ್ದರು, ಆ ಮನೆಯಲ್ಲಿ ಅಡಗಿಸಿಟ್ಟ. 1942ರಲ್ಲಿ ವಿಷಯ ಬಯಲಾಗಿ ಜಿನೀವಾದಲ್ಲೇ ಉಳಿಯಬೇಕಾಯಿತು. 1944ರಲ್ಲಿ ವಾಪಸ್ ಬಂದ. ಯುದ್ಧ ಮುಗಿದಾಗ ಹತ್ತಿರದ ಶಿಬಿರಗಳಲ್ಲಿ ಈಗ ಜರ್ಮನ್ ಕೈದಿಗಳಿದ್ದರು. ರೋಜೆ ಮತ್ತು ಜೊತೆಗಾರರು ಭಾನುವಾರಗಳಂದು ಆ ಕೈದಿಗಳನ್ನೂ ಮನೆಗೆ ಕರೆದರು! 1949ರ ಈಸ್ಟರ್‌ನಲ್ಲಿ ಏಳು ಜನ ಬ್ರದರ್‌ಗಳು ಜೀವನಪರ್ಯಂತದ ವ್ರತ ಹಿಡಿದರು. ಇವತ್ತು ಪ್ರೊಟೆಸ್ಟೆಂಟರು, ಕ್ಯಾಥಲಿಕರು ಒಟ್ಟಿಗೆ ಬಾಳುತ್ತಾರೆ. ತಮಗಾಗಿ ದಾನ ತೆಗೆದುಕೊಳ್ಳುವುದಿಲ್ಲ, ಮಡಕೆ ಕುಡಿಕೆ ಮಾಡಿ, ಪುಸ್ತಕ ಪ್ರಕಟಿಸಿ ಬದುಕುತ್ತಾರೆ. ನಮ್ಮ ದೇಶದ ನಂಟೂ ಇದೆ: 1976ರಲ್ಲಿ ರೋಜೆ ಕೆಲವು ವಾರ ಕೋಲ್ಕತ್ತದ ಕೊಳೆಗೇರಿಯಲ್ಲಿ ವಾಸವಿದ್ದರು.

ಊರಿನ ಹಳೇ ಚರ್ಚು ಸಾಲದಾದಾಗ, 1962ರಲ್ಲಿ ಈ ದೊಡ್ಡ ಚರ್ಚನ್ನು ಕಟ್ಟಿದವರು ಜರ್ಮನ್ ಯುವಕರು. ತಮ್ಮ ದೇಶ ಯುದ್ಧದಲ್ಲಿ ನೋಯಿಸಿದ ನಾಡುಗಳಿಗೆ ಹೋಗಿ ಕೈಯಾರೆ ದುಡಿಯಬೇಕೆಂದು ಹುಟ್ಟಿದ ಸಂಘಟನೆಯೊಂದರ ಸ್ವಯಂಸೇವಕರು. "ಕ್ಷಮಿಸಿ ಅಂತ ಬರೀ ಬಾಯಲ್ಲಿ ಹೇಳಿದ್ರೆ ಯಾರು ನಂಬ್ತಾರೆ, ಸಿಮೆಂಟ್ ಕಲಸಬೇಕಾಗುತ್ತೆ" ಅಂದ ನನ್ನ ಸಹೋದ್ಯೋಗಿ, ಬಾಣಲೆ ಉಜ್ಜುತ್ತಾ.

2005ರ ಆಗಸ್ಟ್ 16ರ ಸಂಜೆ ಇದೇ ಚರ್ಚಿನಲ್ಲಿ ಪ್ರಾರ್ಥನೆಯ ನಡುವೆ ಮಾನಸಿಕ ಅಸ್ವಸ್ಥ ಮಹಿಳೆಯೊಬ್ಬಳು 90 ವರ್ಷದ ಬ್ರದರ್ ರೋಜೆಯವರನ್ನು ಚಾಕುವಿನಿಂದ ಇರಿದು ಕೊಂದಳು. ವಾರದ ನಂತರ ಅಂತ್ಯಕ್ರಿಯೆಯಲ್ಲಿ ಅವರ ಉತ್ತರಾಧಿಕಾರಿ, ಜರ್ಮನ್ ಮೂಲದ ಬ್ರದರ್ ಅಲೋಯಿಸ್, ಆಕೆಗೂ ಕ್ಷಮೆ ಸಿಗಲೆಂದು ಪ್ರಾರ್ಥಿಸಿದರು. (2023ರ ಕೊನೆಗೆ ಅವರ ಜಾಗಕ್ಕೆ ಇಂಗ್ಲೆಂಡಿನ ಬ್ರದರ್ ಮ್ಯಾಥ್ಯೂ ಬಂದಿದ್ದಾರೆ.) ಹಾಗಂತ ಅದು ಸ್ವರ್ಗವೇನಲ್ಲ. ಹಿಂದಿನ ದಶಕಗಳಲ್ಲಿ ಮೂವರು ಬ್ರದರ್‌ಗಳಿಂದ ಲೈಂಗಿಕ ದೌರ್ಜನ್ಯ ನಡೆದಿತ್ತೆಂದು 2019ರಲ್ಲಿ ಸಮುದಾಯವೇ ಬಹಿರಂಗವಾಗಿ ಹೇಳಿತು. ಹೇಳಲು ಅಷ್ಟು ವರ್ಷ ಬೇಕಾಯಿತಲ್ಲ ಅಂತ ಬೇಸರವೂ ಆಗುತ್ತದೆ.

ಶುಕ್ರವಾರ ರಾತ್ರಿ ಶಿಲುಬೆಯ ಚಿತ್ರವನ್ನು ನೆಲದ ಮೇಲೆ ಮಲಗಿಸುತ್ತಾರೆ. ಜನ ಮೊಣಕಾಲಿನಲ್ಲಿ ಹತ್ತಿರ ಹೋಗಿ ಹಣೆ ಇಟ್ಟು ಬರುತ್ತಾರೆ. ನಾನು ಹೋಗಲಿಲ್ಲ, ಕೂತು ನೋಡಿದೆ. ಅವರೆಲ್ಲ ಅಲ್ಲಿ ಏನೋ ಇಳಿಸಿ ಬರುತ್ತಿದ್ದ ಹಾಗಿತ್ತು.

ಭಾನುವಾರ ಮಧ್ಯಾಹ್ನ ಹೊರಡುವ ಮುಂಚೆ ಕಾರಿನ ಪಕ್ಕ ನಿಂತು ಅಣ್ಣನಿಗೆ ಫೋನ್ ಮಾಡಿದೆ. ತೆಗೆದ. "ಏನೋ, ಎಲ್ಲಾ ಹುಷಾರಾಗಿದ್ದೀರಾ?" ಅಂದ, ಗಾಬರಿಯಲ್ಲಿ.

"ಹುಷಾರಾಗಿದ್ದೀವಿ ಅಣ್ಣ. ಅವತ್ತು ನಾನು ಲೆಕ್ಕ ಕೇಳಬಾರದಿತ್ತು."

ಆ ಕಡೆ ಸದ್ದಿಲ್ಲ. ಕಟ್ಟಾಯಿತೇನೋ ಅಂತ ಫೋನ್ ನೋಡಿಕೊಂಡೆ, ಕಟ್ಟಾಗಿರಲಿಲ್ಲ. ತುಂಬಾ ಹೊತ್ತಾದ ಮೇಲೆ, "ಮರಕ್ಕೆಲ್ಲಾ ಹುಳ ಬಿದ್ದಿದೆ ಕಣೋ. ಡಿಸೆಂಬರ್‌ಗೆ ಬಂದಾಗ ನೋಡುವಂತೆ" ಅಂದ.

ಟಿಕೆಟ್ ಬುಕ್ ಮಾಡಿದ್ದೇನೆ. ಲೆಕ್ಕದ ಪುಸ್ತಕ ತೆಗೆದಿಟ್ಟಿದ್ದಾನಂತೆ, ಅತ್ತಿಗೆ ಹೇಳಿದರು. ಅದಕ್ಕೆ ಏನು ಹೇಳಬೇಕೋ ನನಗಿನ್ನೂ ತೋಚಿಲ್ಲ.

ಹೋಗುವವರಿಗೆ ಒಂದೆರಡು ಮಾತು: ಮುಂಚೆಯೇ ಹೆಸರು ನೋಂದಾಯಿಸಿ. ರಾತ್ರಿ ಚಳಿ ಇರುತ್ತದೆ, ಸ್ಲೀಪಿಂಗ್ ಬ್ಯಾಗ್ ಒಯ್ಯಿರಿ. ಚಹಾ ಬಟ್ಟಲಿನಲ್ಲಿ ಕೊಡುತ್ತಾರೆ, ಊಟಕ್ಕೆ ಒಂದೇ ಒಂದು ಚಮಚ. ಖಾರ ಅನ್ನುವುದು ಗೊತ್ತೇ ಇಲ್ಲದ ಅಡುಗೆ, ಉಪ್ಪಿನಕಾಯಿ ಬಾಟಲಿ ಮರೆಯಬೇಡಿ. ನನ್ನದನ್ನು ಶನಿವಾರದೊಳಗೆ ಮೂವರು ಪೋಲೆಂಡ್ ಹುಡುಗರು ಖಾಲಿ ಮಾಡಿದರು!