ಮಾಘದ ಮಳೆ, ಮಾವಿನ ಹೂ

ಮನ್ಮಥನ ಐದು ಬಾಣಗಳಲ್ಲಿ ಮಾವಿನ ಹೂವೂ ಒಂದೆಂದು ನಾನು ತರಗತಿಯಲ್ಲಿ ಹೇಳುವುದುಂಟು. ಮಾಮರವೆಂದರೆ ವಸಂತನ ಸೊತ್ತೆಂಬುದು ಕವಿಸಮಯ. ಆದರೆ ಆ ಬಾಣವನ್ನು ಹದಗೊಳಿಸುವವನು ವಸಂತನಲ್ಲ, ಅವನಿಗೆ ಮೊದಲು ಬರುವ ಚಳಿರಾಯ. ಇರುಳಿನ ಉಷ್ಣತೆ 15 ಡಿಗ್ರಿಯ ಸುಮಾರಿಗಿಳಿದು ಕೆಲವು ವಾರ ನಿಂತರೆ ಬಲಿತ ಕೊಂಬೆಯ ತುದಿಯಲ್ಲಿ ಹೂಗೊಂಚಲು ಮೂಡುತ್ತದೆ. ಇರುಳು ಬೆಚ್ಚಗಾದರೆ ಅಲ್ಲಿ ಬರುವುದು ಹೂವಲ್ಲ, ಬರಿಯ ಚಿಗುರು.

ಹೂ ಬಂದ ಮೇಲೂ ಆತಂಕ ತಪ್ಪದು. ಗೊಂಚಲಿನ ನೂರಾರು ಹೂಗಳಲ್ಲಿ ಹೆಚ್ಚಿನವು ಗಂಡು. ಕಾಯಿ ಕಚ್ಚಬಲ್ಲವು ದ್ವಿಲಿಂಗ ಹೂಗಳು ಮಾತ್ರ. ಅವಕ್ಕೆ ಪರಾಗವನ್ನು ತರುವ ಕೆಲಸ ನೊಣ, ಜೇನುಗಳದು. ‘ಶಿವ ಶಿವಾ’ ಎಂದು ಚಳಿ ಹೊರಡಬೇಕಾದ ಮಾಘದಲ್ಲಿ ಅಕಾಲದ ಮಳೆ ಸುರಿಯಿತೆನ್ನಿ: ಪರಾಗ ತೊಳೆದುಹೋಗುತ್ತದೆ, ನೊಣಗಳು ಹೊರಡವು. ಮೋಡ ಕವಿದು ಮಂಜು ಹಿಡಿದರೆ ಬೂದಿರೋಗ ಗೊಂಚಲನ್ನು ಬೆಳ್ಳಗೆ ಮುಸುಕುತ್ತದೆ. ಜಿಗಿಹುಳು ರಸ ಹೀರುತ್ತದೆ. ಅದು ಸೂಸಿದ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ.

ಹಿತ್ತಿಲಲ್ಲಿ ಒಂದೇ ಮರವುಳ್ಳವರಿಗೆ ಇದು ಒಂದು ಜಾಡಿ ಉಪ್ಪಿನಕಾಯಿಯ ನಷ್ಟ. ಶ್ರೀನಿವಾಸಪುರದ ಕಡೆಯ ರೈತನಿಗಾದರೋ ವರ್ಷದ ಬದುಕೇ ಅದು. ಹೂವನ್ನು ನೋಡಿ ತೋಪನ್ನು ಗುತ್ತಿಗೆ ಹಿಡಿದವನ ಹಣವೂ ಆ ಗೊಂಚಲಿನಲ್ಲೇ ತೂಗುತ್ತಿರುತ್ತದೆ.

ನಮ್ಮ ಕೈಲಿರುವುದು ಅಲ್ಪ. ಹೂ ಕಾಣುವುದಕ್ಕೆ ಎರಡು ಮೂರು ತಿಂಗಳು ಮೊದಲಿನಿಂದ ಬಲಿತ ಮರಕ್ಕೆ ನೀರು ಹಾಯಿಸಬಾರದು. ಆಗ ನೀರೆರೆದರೆ ಹೂವಿನ ಬದಲು ಎಲೆ ಬಂದೀತು. ಬೂದಿ ತಲೆದೋರಿದರೆ ನೀರಿನಲ್ಲಿ ಬೆರೆಯುವ ಗಂಧಕವನ್ನು ಸಿಂಪಡಿಸಬಹುದು. ಆದರೆ ಹೂ ಪೂರ್ತಿ ಅರಳಿದಾಗ ಕೂಡದು, ಅದು ನೊಣ, ಜೇನುಗಳು ಬರುವ ಹೊತ್ತು.

ಕಾವ್ಯದ ಮಾವು ಎಂದೂ ತಪ್ಪದೆ ಹೂ ಬಿಡುತ್ತದೆ. ತೋಪಿನ ಮಾವು ಪ್ರತಿ ವರ್ಷವೂ ಇರುಳನ್ನು ಕೇಳಿಕೊಂಡೇ ಹೂ ಬಿಡಬೇಕು. ವಸಂತವನ್ನು ಹೊಗಳುವ ನಾವು ಆ ತಣ್ಣನೆಯ ಇರುಳುಗಳ ಋಣವನ್ನೂ ನೆನೆಯುವುದು ನ್ಯಾಯ.